ಮತದಾರರ ಪಟ್ಟಿಯಲ್ಲಿ ಪುನರಾವರ್ತಿತ ನಮೂದುಗಳ ಪತ್ತೆ ಮತ್ತು ಪರಿಶೀಲನೆ

1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 17ನೇ ಪ್ರಕರಣದ ಮೇರೆಗೆ ಯಾವುದೇ ವ್ಯಕ್ತಿಯ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳ ಮತದಾರರ ಪಟ್ಟಿಯಲ್ಲಿ ಇರತಕ್ಕದ್ದಲ್ಲ. 18ನೇ ಪ್ರಕರಣದ ಮೇರೆಗೆ ಒಂದೇ ಕ್ಷೇತ್ರದ ಪಟ್ಟಿಯಲ್ಲಿಯೂ ಒಂದಕ್ಕಿಂತ ಹೆಚ್ಚು ಬಾರಿ ಇರತಕ್ಕದ್ದಲ್ಲ. ಆದಾಗ್ಯೂ ಇಂತಹ ನಮೂದುಗಳು ಉಂಟಾಗುತ್ತವೆ. ಅವೆಲ್ಲವೂ ದುರುದ್ದೇಶದಿಂದ ಆದವುಗಳೆಂದು ಭಾವಿಸಬೇಕಾಗಿಲ್ಲ. ಉದ್ಯೋಗ ನಿಮಿತ್ತ ಬೆಂಗಳೂರಿಗೆ ಬಂದವರು ಹಳೆಯ ವಿಳಾಸವನ್ನು ತಿಳಿಸದೆ ಹೊಸ ಮತದಾರರಂತೆ ಅರ್ಜಿ ಸಲ್ಲಿಸಿದಲ್ಲಿ, ಸ್ವಂತ ಊರಿನ ಪಟ್ಟಿಯಲ್ಲಿ ಅವರ ಹೆಸರು ಹಾಗೆಯೇ ಉಳಿಯುತ್ತದೆ. ವಿವಾಹಾನಂತರ ಪತಿಯ ಊರಿನಲ್ಲಿ ನೋಂದಾಯಿಸಿಕೊಂಡ ಮಹಿಳೆಯರ ವಿಷಯದಲ್ಲಿಯೂ ಇದೇ ಸಂಭವಿಸುತ್ತದೆ.

ಪತ್ತೆ ಮಾಡುವ ಕ್ರಮ

ಎರಡು ಲಕ್ಷ ಮತದಾರರಿರುವ ಕ್ಷೇತ್ರವೊಂದರಲ್ಲಿ ಪ್ರತಿಯೊಂದು ನಮೂದನ್ನು ಉಳಿದೆಲ್ಲವುಗಳೊಂದಿಗೆ ಹೋಲಿಸಬೇಕಾದರೆ ಸುಮಾರು 2,000 ಕೋಟಿ ಜೋಡಿಗಳಾಗುತ್ತವೆ. ಆದುದರಿಂದ ಇಂತಹ ಪರಿಶೀಲನೆಗಳಲ್ಲಿ ಸಾಮಾನ್ಯವಾಗಿ ಲಿಂಗ, ವಯಸ್ಸು, ಹೆಸರಿನ ಮೊದಲ ಅಕ್ಷರ ಮುಂತಾದವುಗಳನ್ನು ಆಧರಿಸಿ ನಮೂದುಗಳನ್ನು ಗುಂಪುಗೂಡಿಸಿ, ಆಯಾ ಗುಂಪಿನೊಳಗೆ ಮಾತ್ರ ಹೋಲಿಕೆ ನಡೆಸಲಾಗುತ್ತದೆ. ಮತದಾರರ ಪಟ್ಟಿಗೆ ಸಂಬಂಧಿಸಿದಂತೆ ಎರಡು ಬಗೆಯ ಹೋಲಿಕೆಗಳು ಬಳಕೆಯಲ್ಲಿವೆ. ಹೆಸರು, ಸಂಬಂಧಿಯ ಹೆಸರು, ವಯಸ್ಸು ಇತ್ಯಾದಿ ವಿವರಗಳ ಹೋಲಿಕೆ ಮೊದಲನೆಯದು. ಭಾವಚಿತ್ರಗಳ ಹೋಲಿಕೆ ಎರಡನೆಯದು.

ಹೋಲಿಕೆಯ ಮಿತಿಗಳು

ಗಣಕಯಂತ್ರವು ಗುರುತಿಸುವುದು ಅಕ್ಷರಗಳ ಹೋಲಿಕೆಯನ್ನೇ ಹೊರತು ವ್ಯಕ್ತಿಯನ್ನಲ್ಲ. ನಮ್ಮ ಗ್ರಾಮಗಳಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿದೆ. ಅಣ್ಣತಮ್ಮಂದಿರ ಮಕ್ಕಳಿಬ್ಬರಿಗೂ ಅದೇ ಹೆಸರು ಇರಬಹುದು. ‘ಮಂಜುನಾಥ ಬಿನ್ ರಾಮಪ್ಪ’ ಎಂಬುವರು ಒಂದೇ ಊರಿನಲ್ಲಿ ಇಬ್ಬರಿದ್ದರೆ ಆಶ್ಚರ್ಯವಿಲ್ಲ. ಜನನ ದಾಖಲೆ ಇಲ್ಲದವರ ಪೈಕಿ ಹಲವರ ಜನ್ಮ ದಿನಾಂಕವು ಶಾಲಾ ದಾಖಲೆಯಲ್ಲಿ ಜೂನ್ 1 ಎಂದೇ ಇರುವುದರಿಂದ ದಿನಾಂಕವೂ ತಾಳೆಯಾಗಬಹುದು. ಅವಳಿ ಸಹೋದರರ ಭಾವಚಿತ್ರಗಳ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ನಿಜವಾದ ಪುನರಾವರ್ತನೆಯು ಪತ್ತೆಯಾಗದೆ ಉಳಿಯುವುದೂ ಉಂಟು. ‘ಕೆ. ಲಕ್ಷ್ಮೀದೇವಿ’ ಎಂಬ ಹೆಸರು ಬೇರೊಂದೆಡೆ ‘ಲಕ್ಷ್ಮಿದೇವಮ್ಮ ಕೆ.’ ಎಂದಾಗಿ, ತಂದೆಯ ಹೆಸರಿನ ಸ್ಥಳದಲ್ಲಿ ಪತಿಯ ಹೆಸರು ಬಂದಲ್ಲಿ ಹೋಲಿಕೆಯು ಬಹುಮಟ್ಟಿಗೆ ವಿಫಲವಾಗುತ್ತದೆ.

ಗುರುತಿನ ಚೀಟಿಯ ಸಂಖ್ಯೆಯೊಂದನ್ನೇ ನಂಬುವುದೂ ಸಾಧ್ಯವಿಲ್ಲ. ಬೇರೆ ಬೇರೆ ರಾಜ್ಯಗಳ ಮತದಾರರು ಒಂದೇ ಸಂಖ್ಯೆಯ ಚೀಟಿ ಹೊಂದಿರುವುದರ ಬಗ್ಗೆ ಭಾರತ ಚುನಾವಣಾ ಆಯೋಗವು 2025ರ ಮಾರ್ಚ್‌ನಲ್ಲಿ ಸ್ಪಷ್ಟೀಕರಣ ನೀಡಿತ್ತು. ‘ಇರೋನೆಟ್’ ಎಂಬ ಏಕೀಕೃತ ಗಣಕ ವ್ಯವಸ್ಥೆಗೆ ಮುನ್ನ ರಾಜ್ಯಗಳು ಪ್ರತ್ಯೇಕವಾಗಿ ಸಂಖ್ಯೆಗಳನ್ನು ನೀಡುತ್ತಿದ್ದುದೇ ಅದಕ್ಕೆ ಕಾರಣವೆಂದೂ, ಸಂಖ್ಯೆ ಒಂದೇ ಆಗಿರುವ ಮಾತ್ರಕ್ಕೆ ಅವರು ನಕಲಿ ಮತದಾರರಲ್ಲವೆಂದೂ ಆಯೋಗವು ತಿಳಿಸಿತ್ತು.

ನೋಟಿಸು ಮತ್ತು ವಿಚಾರಣೆ

ಮೇಲ್ಕಂಡ ಕಾರಣಗಳಿಂದ, ಹೋಲಿಕೆಯ ಪಟ್ಟಿಯಲ್ಲಿ ಹೆಸರು ಬಂದಿರುವುದು ಅದನ್ನು ಕೈಬಿಡಲು ಸಾಕಷ್ಟು ಆಧಾರವಾಗುವುದಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿಯು ಮನೆಗೆ ಭೇಟಿ ನೀಡಿ ಸ್ಥಳ ಪರಿಶೀಲನೆ ನಡೆಸುವುದು ಇದೇ ಉದ್ದೇಶದಿಂದ. ವ್ಯಕ್ತಿಯು ವಾಸ ಬದಲಿಸಿದ್ದಾನೆ ಅಥವಾ ಅರ್ಹನಲ್ಲ ಎಂಬ ಕಾರಣಕ್ಕೆ ಹೆಸರನ್ನು ತೆಗೆಯುವ ಮುನ್ನ, ಮತದಾರರ ನೋಂದಣಾಧಿಕಾರಿಯು ಸಂಬಂಧಪಟ್ಟವರಿಗೆ ತಮ್ಮ ಅಹವಾಲನ್ನು ಹೇಳಿಕೊಳ್ಳಲು ಸೂಕ್ತ ಅವಕಾಶ ನೀಡಬೇಕೆಂದು 22ನೇ ಪ್ರಕರಣವು ವಿಧಿಸುತ್ತದೆ. ನೋಟಿಸು ತಲುಪಿದವರು ಅದನ್ನು ಬದಿಗಿಡದೆ, ನಿಗದಿತ ದಿನದಂದು ವಯಸ್ಸು ಹಾಗೂ ವಾಸದ ದಾಖಲೆಗಳೊಂದಿಗೆ ಹಾಜರಾಗುವುದು ಅತ್ಯಗತ್ಯ. ಉತ್ತರ ಬಾರದಿದ್ದಲ್ಲಿ ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬರ ಹೆಸರು ತಪ್ಪಾಗಿ ಬಿಟ್ಟುಹೋಗುವ ಸಂಭವವಿರುತ್ತದೆ. ಅದು ಮತದಾನದ ದಿನ ಮತಗಟ್ಟೆಯಲ್ಲಿ ತಿಳಿದುಬಂದರೆ ಅಂದು ಪರಿಹಾರ ದೊರೆಯುವುದಿಲ್ಲ.

ಎರಡು ಕಡೆ ಹೆಸರಿರುವುದು ನಿಜವೇ ಆಗಿದ್ದಲ್ಲಿ, ಸಾಮಾನ್ಯವಾಗಿ ವಾಸವಿರುವ ಸ್ಥಳದ ನಮೂದನ್ನು ಉಳಿಸಿಕೊಂಡು ಇನ್ನೊಂದನ್ನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ತೆಗೆಸಬಹುದು. ಊರಿನಲ್ಲಿ ಸ್ವಂತ ಮನೆಯಿದೆ ಎಂಬುದೊಂದೇ ಕಾರಣದಿಂದ ಅಲ್ಲಿಯ ವಾಸಿಯೆಂದು ಪರಿಗಣಿಸಲಾಗದು ಎಂದು 20ನೇ ಪ್ರಕರಣದಲ್ಲಿ ಹೇಳಿದೆ.

ಅರ್ಜಿದಾರರು ಗಮನಿಸಬೇಕಾದುದು

2022ರ ಆಗಸ್ಟ್ 1ರಿಂದ ನಮೂನೆ 6 ಹೊಸ ಮತದಾರರಿಗೆ ಮಾತ್ರ ಸೀಮಿತವಾಗಿದೆ. ಈಗಾಗಲೇ ನೋಂದಣಿಯಾಗಿರುವವರು ವಾಸ ಬದಲಿಸಿದಾಗ, ಬೇರೆ ಕ್ಷೇತ್ರಕ್ಕೆ ಹೋದರೂ ಸಹ, ನಮೂನೆ 8ನ್ನು ಗುರುತಿನ ಚೀಟಿಯ ಸಂಖ್ಯೆಯೊಂದಿಗೆ ಸಲ್ಲಿಸತಕ್ಕದ್ದು. ಹೆಸರಿನ ಕಾಗುಣಿತವನ್ನು ಹಳೆಯ ಚೀಟಿಯಲ್ಲಿರುವಂತೆಯೇ ಬರೆದು, ತಿದ್ದುಪಡಿ ಬೇಕಿದ್ದಲ್ಲಿ ಅದನ್ನು ಪ್ರತ್ಯೇಕವಾಗಿ ಕೋರುವುದು ಒಳಿತು. ತಿಳಿದೂ ಸುಳ್ಳು ಘೋಷಣೆ ಮಾಡಿದವರಿಗೆ 31ನೇ ಪ್ರಕರಣದನ್ವಯ ಒಂದು ವರ್ಷದವರೆಗೆ ಕಾರಾಗೃಹವಾಸ ಅಥವಾ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ನೋಂದಣಾಧಿಕಾರಿಯ ಆದೇಶದಿಂದ ಬಾಧಿತರಾದವರು 15 ದಿನಗಳೊಳಗೆ ಜಿಲ್ಲಾ ದಂಡಾಧಿಕಾರಿಯವರಿಗೂ, ಅವರ ಆದೇಶದ ವಿರುದ್ಧ 30 ದಿನಗಳೊಳಗೆ ಮುಖ್ಯ ಚುನಾವಣಾಧಿಕಾರಿಯವರಿಗೂ ಮೇಲ್ಮನವಿ ಸಲ್ಲಿಸಬಹುದು. ಹೆಚ್ಚಿನ ಮಾಹಿತಿಗೆ 1950 ಸಹಾಯವಾಣಿಯನ್ನು ಸಂಪರ್ಕಿಸಲು ಕೋರಲಾಗಿದೆ.