ಪೋಕರ್ ಇಸ್ಪೀಟೆಲೆಗಳ ಬಾಳಿಕೆ

ಪೋಕರ್ ಆಟಕ್ಕೆ ಬೇಕಾಗುವುದು ಜೋಕರ್ ತೆಗೆದ 52 ಎಲೆಗಳ ಒಂದು ಕಟ್ಟು. ಎಲೆ ಎಷ್ಟು ಕಾಲ ಹರಿಯದೆ ಉಳಿಯುತ್ತದೆ ಎಂದು ನೋಡಿದರಷ್ಟೇ ಸಾಲದು; ಎಲ್ಲ ಎಲೆಗಳ ಬೆನ್ನೂ ಎಷ್ಟು ಕಾಲ ಒಂದೇ ತೆರನಾಗಿ ಕಾಣುತ್ತದೆ ಎಂಬುದೇ ಕಟ್ಟಿನ ನಿಜವಾದ ಬಾಳಿಕೆ. ಒಂದು ಎಕ್ಕದ ಮೂಲೆ ಮಡಿಸಿದ್ದರೆ, ಉಳಿದ 51 ಹೊಸತಾಗಿದ್ದರೂ ಆ ಕಟ್ಟು ಆಟಕ್ಕೆ ಬಾರದು, ಏಕೆಂದರೆ ಎದುರಾಳಿಯ ಎಲೆ ಗೊತ್ತಿಲ್ಲದಿರುವುದರ ಮೇಲೆಯೇ ಪೋಕರ್ ನಿಂತಿದೆ. ರಮ್ಮಿಯಲ್ಲಿ 13 ಎಲೆಗಳನ್ನು ಬಿಡಿಸಿ ಕೈಯಲ್ಲಿ ಹಿಡಿಯುತ್ತಾರೆ. ಟೆಕ್ಸಸ್ ಹೋಲ್ಡೆಮ್‌ನಲ್ಲಿ ಕೈಗೆ ಬರುವುದು ಎರಡೇ ಎಲೆ. ಅವನ್ನೂ ಮೇಜಿನ ಮೇಲೆಯೇ ಬಿಟ್ಟು ಮೂಲೆಯನ್ನಷ್ಟೇ ಎತ್ತಿ ನೋಡುವುದು ರೂಢಿ. ಹೀಗಾಗಿ ಮೊದಲು ಸೋಲುವುದು ಮೂಲೆ.

ಕಾಗದದ ಎಲೆಯೇ ಮೇಲು ಎನ್ನುವವರ ವಾದದಲ್ಲಿ ಹುರುಳಿದೆ. ಒಳ್ಳೆಯ ಕಾಗದದ ಎಲೆ ಎರಡು ಪದರಗಳ ನಡುವೆ ಕಪ್ಪು ಅಂಟು ಹಾಕಿ ತಯಾರಾಗುತ್ತದೆ, ಬೆಳಕಿಗೆ ಹಿಡಿದರೂ ಮುಖ ಕಾಣಿಸುವುದಿಲ್ಲ; ಕಲೆಸುವಾಗ ಕೈಗೆ ಹಿತ, ಬೆಲೆಯೂ ಕಡಿಮೆ. ಎಷ್ಟೋ ಕ್ಯಾಸಿನೊಗಳು ಕಾಗದವನ್ನೇ ಬಳಸುತ್ತವೆ ಎಂಬುದೂ ನಿಜ. ಆದರೆ ಅಲ್ಲಿ ಕಟ್ಟು ಹಳತಾಗುವ ಮೊದಲೇ ಅದನ್ನು ಬದಲಿಸುತ್ತಾರೆ. ಹೈದರಾಬಾದಿನ ಕೂಕಟ್‌ಪಲ್ಲಿಯ ಮನೆಯಾಟದ ಸ್ಥಿತಿ ಬೇರೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂಬ ಸುಪ್ರೀಂ ಕೋರ್ಟಿನ 1968ರ ತೀರ್ಪು ಹುಟ್ಟಿದ್ದು ನೆರೆಯ ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಿಂದ. ಆದರೂ 2017ರಲ್ಲಿ ತೆಲಂಗಾಣ ತನ್ನ ಗೇಮಿಂಗ್ ಕಾಯ್ದೆಯನ್ನು ತಿದ್ದಿ, ಕೌಶಲದ ಆಟವನ್ನೂ ಹಣ ಕಟ್ಟಿ ಆಡದಂತೆ ನಿಷೇಧಿಸಿತು. ಹಾಗಾಗಿ ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯ ಅಪಾರ್ಟ್‌ಮೆಂಟಿನಲ್ಲಿ ಕಾನೂನುಬದ್ಧವಾಗಿ ಉಳಿಯುವ ಪೋಕರ್ ಎಂದರೆ ಹಣವಿಲ್ಲದೆ, ಬರೀ ಚಿಪ್ಸ್ ಇಟ್ಟು ಆಡುವ ಮನೆಯಾಟ. ಮನೆಯ ಕಟ್ಟನ್ನು ಯಾರೂ ವಾರಕ್ಕೊಮ್ಮೆ ಬದಲಿಸುವುದಿಲ್ಲ. ಅದು ಮುಂಗಾರಿನ ತೇವದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಒಣಗಿ ಬಾಗಿ, ಬೆವರಿನ ಕೈಗಳಲ್ಲಿ ಕೊಳೆಯಾಗಿ, ವರ್ಷಗಟ್ಟಲೆ ಅದೇ ಡಬ್ಬಿಯಲ್ಲಿರುತ್ತದೆ. ಅಂಥ ಬಳಕೆಗೆ ಪೂರ್ತಿ ಪ್ಲಾಸ್ಟಿಕ್ ಎಲೆಯೇ ಸರಿ: ನೀರು ಹೀರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಪೊಟ್ಟಣದ ಮೇಲೆ ‘ಪ್ಲಾಸ್ಟಿಕ್ ಕೋಟೆಡ್’ ಎಂದಿದ್ದರೆ ಒಳಗಿರುವುದು ಕಾಗದ. ಕೊಳ್ಳುವವರು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ.

ಪ್ಲಾಸ್ಟಿಕ್ಕಿಗೂ ದೋಷವಿದೆ. ಪಿವಿಸಿ ಎಲೆಯಲ್ಲಿ ಒಮ್ಮೆ ಗೆರೆ ಬಿದ್ದರೆ ಅದು ಹೋಗುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮರೆತರೆ ಬಾಗಲೂಬಹುದು. 1930ರ ದಶಕದಲ್ಲಿ ಬಂದ ಕೆಮ್ ಬ್ರಾಂಡಿನ ಎಲೆಗಳ ಸೆಲ್ಯುಲೋಸ್ ಅಸಿಟೇಟ್ ಬಾಗಿದರೂ ಮತ್ತೆ ನೆಟ್ಟಗಾಗುವ ಗುಣದ್ದು, ಆದರೆ ದುಬಾರಿ. ಬ್ರೆಜಿಲಿನ ಕೊಪಾಗ್‌ನಂಥ ಪಿವಿಸಿ ಕಟ್ಟು ನಡುವಿನ ದಾರಿ. ಎರಡು ಬಣ್ಣದ ಬೆನ್ನಿನ ಜೋಡಿ ಕೊಂಡು ಸರದಿಯಂತೆ ಆಡಿದರೆ ಸವೆತ ಹಂಚಿಹೋಗುತ್ತದೆ.

ಬೆನ್ನು ಒಂದೇ ತೆರನಾಗಿರಬೇಕೆಂಬುದು ಯಂತ್ರದ ಮುದ್ರಣ ತಂದ ನಿಯಮವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರಿನ ಗಂಜೀಫಾ ಎಂಬ ಎಲೆಯಾಟದಲ್ಲಿ ಪ್ರತಿ ಎಲೆಯ ಮುಖವೂ ಕೈಯಿಂದ ಬರೆದದ್ದು. 120 ಎಲೆಗಳ ದಶಾವತಾರ ಗಂಜೀಫಾದ ಬೆನ್ನಿಗೂ ಚಿತ್ರ ಬರೆದಿದ್ದರೆ ಕುಂಚದ ಒಂದು ಎಳೆಯ ವ್ಯತ್ಯಾಸವೇ ಎಲೆಯನ್ನು ಬಯಲು ಮಾಡುತ್ತಿತ್ತು. ಗಂಜೀಫಾದ ಬೆನ್ನಿಗೆ ಸಾಮಾನ್ಯವಾಗಿ ಒಂದೇ ಬಣ್ಣ ಬಳಿಯುವ ಪದ್ಧತಿ ಆ ಅಪಾಯವನ್ನೇ ತಪ್ಪಿಸುತ್ತದೆ.

ಇಂದಿನ ಕಟ್ಟಿನಲ್ಲೂ ಬೆನ್ನು ಒಂದೇ ತೆರನಾಗಿದೆಯೇ ಎಂದು ನೋಡಬೇಕು. ಬೆನ್ನಿನ ಚಿತ್ತಾರವನ್ನು ತಲೆಕೆಳಗು ಮಾಡಿದರೂ ಒಂದೇ ಆಗಿ ಕಾಣಬೇಕು. ಸುತ್ತ ಬಿಳಿ ಅಂಚಿದ್ದರೆ ಅದರ ಅಗಲ ಎಲ್ಲ ಎಲೆಗಳಲ್ಲೂ ಸಮನಾಗಿರಬೇಕು. ಅಂಚಿಲ್ಲದ ಚಿತ್ತಾರದಲ್ಲಿ ಕತ್ತರಿಸುವಾಗಿನ ಕೂದಲೆಳೆಯ ತಪ್ಪೂ ಗುರುತಾಗುತ್ತದೆ. 63 ಮಿಲಿಮೀಟರ್ ಅಗಲದ ಪೋಕರ್ ಅಳತೆ ಎರಡೇ ಎಲೆ ಹಿಡಿಯುವವರಿಗೆ ತೊಡಕಲ್ಲ. ಅದೇ ಕಟ್ಟಿನಲ್ಲಿ ರಮ್ಮಿಯನ್ನೂ ಆಡುವ ಮನೆಗೆ 57 ಮಿಲಿಮೀಟರಿನ ಬ್ರಿಜ್ ಅಳತೆ ಒಳ್ಳೆಯದು. ಹೋಲ್ಡೆಮ್‌ನಲ್ಲಿ ಮೇಜಿನ ನಡುವೆ ತೆರೆದಿಡುವ ಐದು ಎಲೆಗಳನ್ನು ಎಲ್ಲರೂ ದೂರದಿಂದ ಓದಬೇಕಾದ್ದರಿಂದ ಮೂಲೆಯ ಅಂಕಿ ದೊಡ್ಡದಿರಲಿ. ಆದರೆ ಒಂದು ಎಲೆಗೆ ಗುರುತು ಬಿದ್ದರೆ ಅದರ ಜಾಗಕ್ಕೆ ಹೊಸ ಎಲೆ ಸೇರಿಸಬಾರದು, ಹೊಸತೇ ಗುರುತಾಗಿಬಿಡುತ್ತದೆ, ಕಟ್ಟನ್ನೇ ಬದಲಿಸಬೇಕು.