ಗೇರ್‌ಬಾಕ್ಸಿನ ಎಣ್ಣೆಯೊಳಗೊಂದು ತಿಮಿಂಗಿಲ

ಆಟೊಮ್ಯಾಟಿಕ್ ಕಾರು ಹಳೆಯದಾದ ಮೇಲೆ ಅದರ ಗೇರ್‌ಬಾಕ್ಸಿನ ದೂರುಗಳು ಹೆಚ್ಚೂಕಮ್ಮಿ ಎಲ್ಲ ಕಡೆ ಒಂದೇ. 'ಡಿ'ಗೆ ಹಾಕಿದರೂ ಎರಡು ಕ್ಷಣ ಯೋಚನೆ ಮಾಡಿ ಹೊರಡುತ್ತೆ. ಎಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ಗೇರು ಬದಲಾಗುವಾಗ ಹಿಂದಿನಿಂದ ಯಾರೋ ಒದ್ದ ಹಾಗಾಗುತ್ತೆ. ಇಲ್ಲಾ ಫ್ಲೈಓವರ್ ಹತ್ತುವಾಗ ಮೈಯೆಲ್ಲ ನಡುಗುತ್ತೆ. ಈ ನಾಲ್ಕಕ್ಕೂ ಬೇರೆ ಬೇರೆ ಕಾರಣ ಇರಬಹುದು. ಆದರೆ ಕೆಲಸ ಬಲ್ಲ ಮೆಕ್ಯಾನಿಕ್ ಮೊದಲು ನೋಡೋದು ಒಂದನ್ನೇ: ಎಣ್ಣೆ. ಯಾಕೆ ಅನ್ನೋದಕ್ಕೆ ಎಂಬತ್ತು ವರ್ಷಕ್ಕೂ ಹಳೆಯ ಕಥೆಯೊಂದಿದೆ. ಆ ಕಥೆಯಲ್ಲಿ ತಿಮಿಂಗಿಲವೂ ಇದೆ.

1939ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ 'ಹೈಡ್ರಾ-ಮ್ಯಾಟಿಕ್' ಎಂಬ ಗೇರ್‌ಬಾಕ್ಸನ್ನು ಹೊರತಂದಿತು. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಅದು ಮೊದಲು ಬಂತು. ಕ್ಲಚ್ ಪೆಡಲ್ಲೇ ಇಲ್ಲ. ಇದರ ಹಿಂದಿದ್ದ ಎಂಜಿನಿಯರು ಅರ್ಲ್ ಥಾಂಪ್ಸನ್. ಮ್ಯಾನ್ಯುಯಲ್ ಗೇರು ಕರಕರ ಅನ್ನದೆ ಬೀಳುವಂತೆ ಮಾಡಿದ ಸಿಂಕ್ರೋಮೆಶ್ ಕೂಡ ಅವರ ಕೆಲಸವೇ. ಎರಡನೇ ಮಹಾಯುದ್ಧದಲ್ಲಿ ಈ ಗೇರ್‌ಬಾಕ್ಸು ಅಮೆರಿಕದ ಎಂ5 ಸ್ಟುವರ್ಟ್ ಟ್ಯಾಂಕುಗಳಿಗೂ ಹೋಯ್ತು.

ಒಳಗಿನ ಉಪಾಯ ಸರಳ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಹಾಕಿ ನೋಡಿ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತೆ. ಗಾಳಿಯ ಜಾಗದಲ್ಲಿ ಎಣ್ಣೆ ಇಟ್ಟರೆ ಅದೇ ಫ್ಲೂಯಿಡ್ ಕಪ್ಲಿಂಗ್. ಜರ್ಮನಿಯ ಹರ್ಮನ್ ಫೋಟಿಂಗರ್ 1905ರ ಹೊತ್ತಿಗೆ ಹಡಗುಗಳಿಗಾಗಿ ಕಂಡುಹಿಡಿದ ತತ್ವ ಇದು. ಅಂದ್ರೆ ಇಲ್ಲಿ ಎಣ್ಣೆ ಬರೀ ಜಾರಿಸುವ ವಸ್ತುವಲ್ಲ. ಎಂಜಿನ್ನಿನ ಶಕ್ತಿಯನ್ನು ದಾಟಿಸೋದು ಅದೇ, ಒತ್ತಡದಿಂದ ಕ್ಲಚ್ಚುಗಳನ್ನು ಅಮುಕೋದು ಅದೇ, ತಂಪು ಮಾಡೋದೂ ಅದೇ. ಅದೂ ಒಂದು ಬಿಡಿಭಾಗ ಅಂತಲೇ ತಿಳ್ಕೊಳ್ಳಿ.

ತಕರಾರು ಇರೋದು ಕ್ಲಚ್ಚಿನಲ್ಲಿ. ಒಳಗಿನ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಎಣ್ಣೆ ಹೆಚ್ಚು ಜಾರಿದರೆ ಪ್ಲೇಟು ಹಿಡಿಯಲ್ಲ, ಸುಟ್ಟುಹೋಗುತ್ತೆ. ಕಮ್ಮಿ ಜಾರಿದರೆ ಗಕ್ಕನೆ ಹಿಡಿದು ಗಾಡಿ ನಡುಗುತ್ತೆ. ಜಾರಲೂ ಬೇಕು, ಹಿಡಿಯಲೂ ಬೇಕು, ಅದೂ ಕುದಿಯುವ ನೀರಿನಷ್ಟು ಬಿಸಿಯಲ್ಲಿ. ಇದಕ್ಕಾಗಿ 1949ರಲ್ಲಿ ಜನರಲ್ ಮೋಟಾರ್ಸ್ 'ಟೈಪ್ ಎ' ಅನ್ನುವ ಎಣ್ಣೆಯ ಮಾನದಂಡ ತಂದಿತು. ಈ ಬಗೆಯ ಎಣ್ಣೆಗಳಲ್ಲಿ ಆಗ ಬೆರೆಸುತ್ತಿದ್ದ ಮುಖ್ಯ ವಸ್ತು ಸ್ಪರ್ಮ್ ತಿಮಿಂಗಿಲದ ಎಣ್ಣೆ.

ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕನ್ನರು ದೀಪಕ್ಕೆ ಸುರಿದ ಎಣ್ಣೆಗಳಲ್ಲಿ ಇದೂ ಒಂದು. ಸೀಮೆಎಣ್ಣೆ ಬಂದ ಮೇಲೆ ತಿಮಿಂಗಿಲ ಬದುಕಿತು ಅಂತ ನಾವು ಓದ್ತೀವಿ. ಪೂರ್ತಿ ನಿಜವಲ್ಲ. ದೀಪ ಬಿಟ್ಟ ಎಣ್ಣೆ ಯಂತ್ರಗಳನ್ನು ಸೇರಿಕೊಂಡಿತು. ರಾಸಾಯನಿಕವಾಗಿ ಅದು ಎಣ್ಣೆಗಿಂತ ಹೆಚ್ಚಾಗಿ ದ್ರವರೂಪದ ಮೇಣ, ಎಷ್ಟು ಕಾದರೂ ಬೇಗ ಕೆಡಲ್ಲ. 1960ರ ದಶಕದ ಕೆಲವು ವರ್ಷಗಳಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ 20 ಸಾವಿರಕ್ಕೂ ಹೆಚ್ಚು ಸ್ಪರ್ಮ್ ತಿಮಿಂಗಿಲಗಳನ್ನು ಕೊಂದರು. ಎಲ್ಲವೂ ಕಾರಿಗಾಗಿ ಅಲ್ಲ, ಆದರೆ ಕಾರಿಗೂ ಅದರಲ್ಲಿ ಪಾಲಿತ್ತು.

1970ರ ದಶಕದ ಶುರುವಿನಲ್ಲಿ ಅಮೆರಿಕ ಈ ಎಣ್ಣೆಯನ್ನು ನಿಲ್ಲಿಸಿತು. ಬದಲಿಗೆ ಬಂದ ಹೊಸ ಮಿಶ್ರಣದಲ್ಲಿ ಯಾರೂ ನಿರೀಕ್ಷಿಸದ ತೊಂದರೆ ಕಾಣಿಸಿತು. ಗೇರ್‌ಬಾಕ್ಸಿನ ಎಣ್ಣೆ ತಂಪಾಗಲು ರೇಡಿಯೇಟರಿನೊಳಗಿನ ಕೂಲರ್ ಮೂಲಕ ಹಾದು ಬರುತ್ತೆ. ಹೊಸ ಎಣ್ಣೆ ಆ ಕೂಲರಿನ ಬೆಸುಗೆಯನ್ನೇ ತಿನ್ನತೊಡಗಿತು. ಬೆಸುಗೆ ತೂತಾದರೆ ರೇಡಿಯೇಟರಿನ ನೀರು ಗೇರ್‌ಬಾಕ್ಸಿಗೆ ಇಳಿಯುತ್ತೆ. ಕ್ಲಚ್ ಪ್ಲೇಟಿನ ಮೇಲಿನ ಕಾಗದದಂಥ ಪದರಕ್ಕೆ ನೀರೇ ವಿಷ, ಅಂಟು ಬಿಟ್ಟು ಕಿತ್ತು ಬರುತ್ತೆ. ತುಕ್ಕು ತಡೆಯುವ ಅಂಶ ಸೇರಿಸಿ ಎಣ್ಣೆಯನ್ನು ಮತ್ತೆ ತಿದ್ದಬೇಕಾಯ್ತು. ಅದೇ ದಶಕದಲ್ಲಿ ತಿಮಿಂಗಿಲದ ಎಣ್ಣೆಯನ್ನೇ ಹೋಲುವ ಹೊಹೊಬಾ ಅನ್ನುವ ಮರುಭೂಮಿ ಗಿಡದ ಬೀಜದ ಮೇಲೆ ಎಲ್ಲರ ಕಣ್ಣು ಬಿತ್ತು.

ಹಳೇ ಕಥೆ, ನಮಗೇನು ಅಂತೀರಾ? ಅಂಬಾಸಡರ್, ಪದ್ಮಿನಿ ಓಡಿಸಿದ ನಮ್ಮ ಹಿರಿಯರಿಗೆ ಇದರ ಗೊಡವೆ ಇರಲಿಲ್ಲ ನಿಜ. ಆದರೆ ನನ್ನ ಹಳೇ ಆಟೊಮ್ಯಾಟಿಕ್ ನಡುಗಲು ಶುರುಮಾಡಿದಾಗ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸು ಪೂರ್ತಿ ಬಿಚ್ಚಬೇಕು ಅಂದರು. ಹೇಳಿದ ಮೊತ್ತ ಕಾರಿನ ಬೆಲೆಗಿಂತ ಹೆಚ್ಚಿತ್ತು. ಗುಜರಿಗೆ ಹಾಕೋಣ ಅಂತ ಮನೆಯಲ್ಲಿ ತೀರ್ಮಾನವೂ ಆಗಿತ್ತು. ಜೆ.ಸಿ. ರಸ್ತೆ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಮಾತ್ರ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಕೆಂಪಗಿರಬೇಕಾದ ಎಣ್ಣೆ ರೋಸ್ ಮಿಲ್ಕ್ ಥರ ಇತ್ತು. "ಸಾರ್, ಮೊದ್ಲು ಕೆಟ್ಟಿರೋದು ರೇಡಿಯೇಟರು. ಹಿಂಗೇ ಓಡ್ಸಿದ್ರೆ ಗೇರ್‌ಬಾಕ್ಸೂ ಹೋಗುತ್ತೆ" ಅಂದರು. ರೇಡಿಯೇಟರ್ ಬದಲಾಯಿಸಿ, ಮೂರು ಸಲ ಎಣ್ಣೆ ತೆಗೆದು ಹೊಸದು ಹಾಕಿದರು. ನಡುಕ ಪೂರ್ತಿ ಹೋಗಲಿಲ್ಲ, ನೀರು ಅಷ್ಟರಲ್ಲಿ ತನ್ನ ಕೆಲಸ ಮಾಡಿತ್ತು. ಆದರೂ ಕಾರು ಇನ್ನೂ ಎರಡು ವರ್ಷ ನಮ್ಮನ್ನು ಹೊತ್ತುಕೊಂಡು ತಿರುಗಿತು.

ಹಾಗಾಗಿ ನಿಮ್ಮ ಗಾಡಿಯಲ್ಲಿ ಡಿಪ್‌ಸ್ಟಿಕ್ ಇದ್ದರೆ, ಕೈಪಿಡಿಯಲ್ಲಿ ಹೇಳಿದ ರೀತಿಯಲ್ಲೇ ಎಳೆದು ನೋಡಿ. ತಿಳಿಗೆಂಪು ಇದ್ದರೆ ಸುಖ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಸವೆದಿದೆ. ಗುಲಾಬಿ ಬಣ್ಣದ ಹಾಲಿನಂತಿದ್ದರೆ ನೀರು ಸೇರಿದೆ, ಗಾಡಿ ಅಲ್ಲೇ ನಿಲ್ಲಿಸಿ. ಮಟ್ಟ ಕಮ್ಮಿಯಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ, ಯಾಕಂದ್ರೆ ಎಂಜಿನ್ ಆಯಿಲ್ ಥರ ಇದು ಉರಿದು ಕಮ್ಮಿಯಾಗೋ ಎಣ್ಣೆ ಅಲ್ಲ. ಅಂದಹಾಗೆ 2014ರಲ್ಲಿ ಸೆಲೆರಿಯೊ ಜೊತೆ ನಮ್ಮಲ್ಲಿ ಶುರುವಾದ ಎಎಂಟಿ ಕಾರುಗಳಿಗೆ ಈ ಲೆಕ್ಕ ಹೊಂದಲ್ಲ. ಅಲ್ಲಿರೋದು ಮಾಮೂಲಿ ಕ್ಲಚ್ಚೇ, ತುಳಿಯೋದು ಮಾತ್ರ ಯಂತ್ರ.

ಇನ್ನೊಂದು ಮಾತು. ಎಣ್ಣೆ ಡಬ್ಬದ ಮೇಲಿನ ಆ ಗೊತ್ತಾಗದ ಅಕ್ಷರ, ಅಂಕಿಗಳನ್ನು 'ಯಾವುದಾದ್ರೇನು, ಕೆಂಪಗಿದ್ರೆ ಸಾಕು' ಅಂತ ತಳ್ಳಿಹಾಕಬೇಡಿ. ಅದರ ಹಿಂದೆ ಕಿತ್ತುಬಂದ ಪ್ಲೇಟುಗಳಿವೆ, ತೂತಾದ ಕೂಲರುಗಳಿವೆ, ಕಡಲಿನಿಂದ ಎಳೆದು ತಂದ ಸಾವಿರಾರು ಜೀವಗಳಿವೆ.