ಟ್ರ್ಯಾಕ್ಟರಿನ ಎರಡು ಬ್ರೇಕು, ಡ್ಯಾಶ್‌ಬೋರ್ಡಿನ ಒಂದು ದೀಪ

ಟ್ರ್ಯಾಕ್ಟರ್ ಹತ್ತಿ ಕೂತು ನೋಡಿದವರಿಗೆ ಗೊತ್ತು, ಬಲಗಾಲಿನ ಹತ್ತಿರ ಬ್ರೇಕ್ ಪೆಡಲ್ ಒಂದಲ್ಲ, ಎರಡಿರುತ್ತೆ. ಒಂದು ಹಿಂದಿನ ಎಡ ಚಕ್ರಕ್ಕೆ, ಇನ್ನೊಂದು ಬಲ ಚಕ್ರಕ್ಕೆ. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಒಂದು ಮಾಡುತ್ತಾರೆ, ಗದ್ದೆಗೆ ಇಳಿದಾಗ ಬಿಚ್ಚುತ್ತಾರೆ. ಹೀಗೆ ಮಾಡಿರೋದು ಮುಖ್ಯವಾಗಿ ಹೊಲದ ಅಂಚಿನಲ್ಲಿ, ಇಕ್ಕಟ್ಟು ಜಾಗದಲ್ಲಿ ಗಾಡಿ ತಿರುಗಿಸಲಿಕ್ಕೆ. ಆದರೆ ಒಂದು ಚಕ್ರ ಕೆಸರಲ್ಲಿ ಗಿರಗಿರ ಸುತ್ತುತ್ತಾ ಟ್ರ್ಯಾಕ್ಟರ್ ನಿಂತಲ್ಲೇ ನಿಂತುಬಿಟ್ಟರೆ, ಪಳಗಿದ ಡ್ರೈವರ್ ಆ ಸುತ್ತುವ ಚಕ್ರದ ಬ್ರೇಕನ್ನಷ್ಟೇ ಮೆಲ್ಲಗೆ ಒತ್ತುತ್ತಾನೆ. ಅಲ್ಲೀತನಕ ಸುಮ್ಮನಿದ್ದ ಇನ್ನೊಂದು ಚಕ್ರ ಎಚ್ಚೆತ್ತು ಗಾಡಿಯನ್ನು ಮುಂದಕ್ಕೆ ತಳ್ಳುತ್ತೆ.

ಇವತ್ತಿನ ದುಬಾರಿ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಅನ್ನೋ ಹೆಸರಿನಲ್ಲಿ ಇರೋದೂ ಇದೇ ಕೆಲಸ. ಆ ಪಳಗಿದ ಕಾಲಿನ ಜಾಗಕ್ಕೆ ಒಂದು ಪೆಟ್ಟಿಗೆ ಬಂದಿದೆ, ಅಷ್ಟೆ. ಕಾಲಿನ ವಿದ್ಯೆ ಪೆಟ್ಟಿಗೆಗೆ ಹೋದದ್ದು ಹೇಗೆ, ಹೋದಮೇಲೆ ಏನಾಯ್ತು, ಪೆಟ್ಟಿಗೆ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು... ಇವತ್ತಿನ ಬರಹ ಇದರ ಬಗ್ಗೆ.

ಮೊದಲು ರೋಗದ ಮೂಲ ನೋಡೋಣ. ಗಾಡಿ ತಿರುಗುವಾಗ ಹೊರಬದಿಯ ಚಕ್ರ ಹೆಚ್ಚು ದೂರ ಓಡಬೇಕು, ಒಳಬದಿಯದು ಕಡಿಮೆ. ಎರಡಕ್ಕೂ ಒಂದೇ ಇರಚಿ ಬಿಗಿದರೆ ಟೈರು ಉಜ್ಜಿ ಹಾಳಾಗುತ್ತೆ. ಇದಕ್ಕೆ ಪರಿಹಾರವೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1827ರಲ್ಲಿ ತನ್ನ ಉಗಿಬಂಡಿಗಾಗಿ ಇದರ ಪೇಟೆಂಟ್ ಪಡೆದ. ಅದರ ಗುಣ ಒಂದೇ: ಎರಡೂ ಚಕ್ರಕ್ಕೆ ಬೇರೆ ಬೇರೆ ವೇಗ ಬಿಡುತ್ತೆ, ಆದರೆ ತಿರುಗಿಸುವ ಬಲವನ್ನು ಮಾತ್ರ ಸಮಸಮ ಹಂಚುತ್ತೆ. ನಮ್ಮ ಜೋಡೆತ್ತಿನ ನೊಗ ನೆನಪು ಮಾಡಿಕೊಳ್ಳಿ. ನೊಗವನ್ನು ಮಧ್ಯದಲ್ಲಿ ಕಟ್ಟಿರುತ್ತೆ. ಒಂದು ಎತ್ತು ಎಳೆಯದೆ ಹಿಂದೆ ಬಿದ್ದರೆ ನೊಗ ಓರೆಯಾಗುತ್ತೆ ಹೊರತು, ಇನ್ನೊಂದು ಎತ್ತಿನ ಬಲವೆಲ್ಲ ಬಂಡಿಗೆ ಬರೋದಿಲ್ಲ. ಸೋಮಾರಿ ಎತ್ತು ಎಷ್ಟು ಎಳೆಯುತ್ತೋ ಜೋಡಿ ಎತ್ತಿನಿಂದಲೂ ಅಷ್ಟೇ ಲಾಭ.

ಲೆಕ್ಕದಲ್ಲಿ ಹೇಳೋದಾದರೆ, ಕೆಸರಿನಲ್ಲಿರುವ ಚಕ್ರ 100 ಪಾಲು ಬಲವನ್ನಷ್ಟೇ ತಡೆದುಕೊಳ್ಳುತ್ತೆ ಅಂತಿಟ್ಟುಕೊಳ್ಳಿ. ಗಟ್ಟಿ ನೆಲದ ಚಕ್ರ 1500 ತಡೆಯಬಲ್ಲದು. ಆದರೂ ಡಿಫರೆನ್ಷಿಯಲ್ ಇಬ್ಬರಿಗೂ 100, 100 ಕೊಟ್ಟು ಕೈತೊಳೆದುಕೊಳ್ಳುತ್ತೆ. ಒಟ್ಟು 200. ಗಾಡಿ ಅಲ್ಲಾಡಲ್ಲ. ಈಗ ಸುತ್ತುತ್ತಿರುವ ಚಕ್ರಕ್ಕೆ 600 ಪಾಲಿನಷ್ಟು ಬ್ರೇಕ್ ಹಾಕಿ. ಆ ಬದಿಗೆ ಈಗ 700 ಬೇಕು, ಹಾಗಾಗಿ ಗಟ್ಟಿ ನೆಲದ ಬದಿಗೂ 700 ಹೋಗುತ್ತೆ. ಬ್ರೇಕು ತಿಂದಿದ್ದು ಕಳೆದರೂ ಕೈಯಲ್ಲಿ 800 ಉಳಿಯಿತು, ಮೊದಲಿಗಿಂತ ನಾಲ್ಕು ಪಟ್ಟು! ಬ್ರೇಕ್ ಹಾಕಿದರೆ ಗಾಡಿ ಮುಂದಕ್ಕೆ ಹೋಗೋ ಚೋದ್ಯ ಇದೇ ನೋಡಿ.

ಮೊದಲು ಹುಡುಕಿದ್ದು ಮಾತ್ರ ಬ್ರೇಕಿನ ದಾರಿಯಲ್ಲ, ಹಲ್ಲುಗಾಲಿಯ ದಾರಿ. 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಶೆ ವಿನ್ಯಾಸ ಮಾಡಿದ ಆಟೋ ಯೂನಿಯನ್ ರೇಸ್ ಕಾರುಗಳಿಗೆ ಎಷ್ಟು ಶಕ್ತಿ ಇತ್ತೆಂದರೆ ಒಂದು ಹಿಂದಿನ ಚಕ್ರ ಸುಮ್ಮನೆ ಸುತ್ತಿಬಿಡುತ್ತಿತ್ತು. ಆಗ ಜರ್ಮನಿಯ ಝಡ್‌ಎಫ್ ಕಂಪನಿ ಅವರಿಗಾಗಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಮಾಡಿಕೊಟ್ಟಿತು. 1958ರಲ್ಲಿ ಅಮೆರಿಕದ ವೆರ್ನನ್ ಗ್ಲೀಸ್‌ಮನ್ ಪೇಟೆಂಟ್ ಪಡೆದ ವಿನ್ಯಾಸವೇ ಮುಂದೆ ಟಾರ್ಸೆನ್ ಅಂತ ಹೆಸರಾಯ್ತು. ಅದು ಹಿಡಿತವಿರುವ ಚಕ್ರಕ್ಕೆ ಹಲವು ಪಟ್ಟು ಬಲ ಕೊಡುತ್ತೆ. ಆದರೆ ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ? ಸೊನ್ನೆಯ ಹಲವು ಪಟ್ಟೂ ಸೊನ್ನೆಯೇ ತಾನೆ :-) ಟಾರ್ಸೆನ್ ಇರುವ ಅಮೆರಿಕನ್ ಸೇನೆಯ ಹಂವೀ ಓಡಿಸುವವರಿಗೆ ಅದಕ್ಕೇ ಒಂದು ಪಾಠ ಹೇಳಿಕೊಡುತ್ತಾರೆ: ಸಿಕ್ಕಿಕೊಂಡಾಗ ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕನ್ನೂ ಸ್ವಲ್ಪ ಒತ್ತು. ಬ್ರೇಕಿನ ತಡೆ ಸಿಕ್ಕಮೇಲೆ ಟಾರ್ಸೆನ್ನಿಗೆ ಗುಣಿಸಲಿಕ್ಕೆ ಏನಾದರೂ ಇರುತ್ತೆ. ಹಲ್ಲುಗಾಲಿಯ ದಾರಿ ಹಿಡಿದವರೂ ಕೊನೆಗೆ ಬ್ರೇಕಿಗೇ ಬಂದರು. ಇಂಗ್ಲೆಂಡಿನ ಟ್ರಯಲ್ಸ್ ಸ್ಪರ್ಧೆಗಳ ಕಾರುಗಳಲ್ಲೂ ನಮ್ಮ ಟ್ರ್ಯಾಕ್ಟರಿನ ಹಾಗೆ ಎಡಬಲದ ಹಿಂಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಇಟ್ಟುಕೊಳ್ಳುತ್ತಿದ್ದರು.

ಇನ್ನು ಪೆಟ್ಟಿಗೆಯ ಕಡೆಗೆ ಬರೋಣ. 1971ರಲ್ಲಿ ಅಮೆರಿಕದ ಬ್ಯೂಕ್ ಕಾರುಗಳಲ್ಲಿ ಮ್ಯಾಕ್ಸ್‌ಟ್ರ್ಯಾಕ್ ಅಂತ ಒಂದು ವ್ಯವಸ್ಥೆ ಬಂತು. ಮುಂದಿನ ಚಕ್ರದ ವೇಗವನ್ನು ಗೇರ್‌ಬಾಕ್ಸಿನಿಂದ ಹೊರಬರುವ ವೇಗದ ಜೊತೆ ಹೋಲಿಸಿ, ಹಿಂದಿನ ಚಕ್ರ ಜಾರುತ್ತಿದೆ ಅನ್ನಿಸಿದರೆ ಎಂಜಿನ್ನಿನ ಇಗ್ನಿಷನ್ ಕಡಿದು ಕಡಿದು ಕೊಡುತ್ತಿತ್ತು. ಅದು ಹೆಚ್ಚು ಕಾಲ ಬಾಳಲಿಲ್ಲ. ನಿಜವಾದ ಅಡಿಪಾಯ ಬಿದ್ದದ್ದು 1978ರಲ್ಲಿ, ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಎಸ್ ಕ್ಲಾಸ್ ಕಾರಿಗೆ ಬಂದಾಗ. ಪ್ರತಿ ಚಕ್ರದ ವೇಗ ಅಳೆಯಬೇಕು, ಪ್ರತಿ ಚಕ್ರದ ಬ್ರೇಕನ್ನು ಬೇರೆಯಾಗಿ ಹಿಡಿಯಬೇಕು-ಬಿಡಬೇಕು. ಇಷ್ಟು ಕೈಗೆ ಬಂದಮೇಲೆ ತಿರುವುಮುರುವು ಮಾಡೋದು ಎಷ್ಟು ಹೊತ್ತು? ಎಬಿಎಸ್ ನಿಂತುಹೋಗುವ ಚಕ್ರದ ಬ್ರೇಕ್ ಬಿಡುತ್ತೆ, ಟ್ರ್ಯಾಕ್ಷನ್ ಕಂಟ್ರೋಲ್ ಸುತ್ತುವ ಚಕ್ರಕ್ಕೆ ಬ್ರೇಕ್ ಹಿಡಿಯುತ್ತೆ. 1980ರ ದಶಕದ ಕೊನೆಗೆ ಮರ್ಸಿಡಿಸ್, ಬಿಎಂಡಬ್ಲ್ಯೂ ಕಾರುಗಳಲ್ಲಿ ಇದು ಬಂದೇಬಿಟ್ಟಿತು.

ಕಾಡುಮೇಡಿನ ಗಾಡಿಗಳಲ್ಲಿ ಈ ಕಥೆ ನಡೆದದ್ದು ಹೆಚ್ಚಾಗಿ ಲ್ಯಾಂಡ್ ರೋವರ್ ಮನೆಯಲ್ಲಿ. 1970ರ ರೇಂಜ್ ರೋವರ್‌ಗೆ ಸದಾಕಾಲ ನಾಲ್ಕೂ ಚಕ್ರಕ್ಕೆ ಶಕ್ತಿ, ಮಧ್ಯದಲ್ಲಿ ಬೀಗ ಹಾಕಬಹುದಾದ ಡಿಫರೆನ್ಷಿಯಲ್ ಇತ್ತು. 1989ರ ಹೊತ್ತಿಗೆ ಅದಕ್ಕೆ ಎಬಿಎಸ್ ಬಂತು, 1990ರ ದಶಕದ ಆರಂಭದಲ್ಲಿ ಹಿಂದಿನ ಎರಡು ಚಕ್ರಕ್ಕೆ ಟ್ರ್ಯಾಕ್ಷನ್ ಕಂಟ್ರೋಲ್. 1997ರ ಮರ್ಸಿಡಿಸ್ ಎಂ ಕ್ಲಾಸ್ ಒಂದು ಹೆಜ್ಜೆ ಮುಂದೆ ಹೋಯ್ತು: ಮೂರೂ ಡಿಫರೆನ್ಷಿಯಲ್ಲಿಗೆ ಬೀಗವೇ ಇಲ್ಲ, ಎಲ್ಲ ಬ್ರೇಕಿನಿಂದಲೇ. 1998ರಲ್ಲಿ ಬಂದ ಎರಡನೇ ಡಿಸ್ಕವರಿಯಲ್ಲೂ ನಾಲ್ಕು ಚಕ್ರಕ್ಕೂ ಟ್ರ್ಯಾಕ್ಷನ್ ಕಂಟ್ರೋಲ್ ಕೊಟ್ಟು, ಮಧ್ಯದ ಬೀಗ ಹಾಕುವ ಸೌಕರ್ಯವನ್ನು ತೆಗೆದುಬಿಟ್ಟರು. ಪೆಟ್ಟಿಗೆ ಇದೆಯಲ್ಲ, ಬೀಗ ಯಾಕೆ ಅನ್ನೋ ಲೆಕ್ಕ.

ಇಲ್ಲೇ ಇರೋದು ಇತಿಹಾಸದ ಪಾಠ. ಬೀಗ ಚಕ್ರ ಜಾರುವ ಮೊದಲೇ ಕೆಲಸ ಮಾಡುತ್ತೆ, ಪೆಟ್ಟಿಗೆ ಜಾರಿದಮೇಲೆ ಎಚ್ಚರಾಗುತ್ತೆ. ಕಡಿದಾದ ಜಾರು ಏರಿನಲ್ಲಿ ಆ ಅರೆಕ್ಷಣದ ಜಾರುವಿಕೆ ಸಾಕು, ಇದ್ದಬದ್ದ ಓಟ ಕಳಕೊಂಡು ಗಾಡಿ ಪಕ್ಕಕ್ಕೆ ಸರಿಯಲಿಕ್ಕೆ. ಇನ್ನೊಂದು, ಬ್ರೇಕ್ ತಿಂದ ಶಕ್ತಿಯೆಲ್ಲ ಬಿಸಿಯಾಗುತ್ತೆ. ತುಂಬಾ ಹೊತ್ತು ಹಿಡಿದರೆ ಬ್ರೇಕ್ ಕಾದಿದೆ ಅಂತ ಪೆಟ್ಟಿಗೆ ತಾನೇ ಸ್ವಲ್ಪ ಹೊತ್ತು ಕೈಬಿಡುತ್ತೆ. ಎರಡನೇ ಡಿಸ್ಕವರಿ ಕೊಂಡ ಎಷ್ಟೋ ಮಂದಿ ಆ ಬೀಗದ ಲಿವರನ್ನು ತಾವೇ ಜೋಡಿಸಿಕೊಂಡರು. ಹೊಸ ಶತಮಾನದ ಮೊದಲ ವರ್ಷಗಳಲ್ಲೇ ಕಂಪನಿಯೂ ಆ ಬೀಗವನ್ನು ವಾಪಸ್ ತಂದಿತು. ನಮ್ಮಲ್ಲಿ 2020ರಲ್ಲಿ ಬಂದ ಮಹೀಂದ್ರಾ ಥಾರ್‌ನಲ್ಲಿ ಬ್ರೇಕಿನಿಂದ ಮಾಡುವ ವ್ಯವಸ್ಥೆಯ ಜೊತೆಗೆ ಹಿಂದಿನ ಇರಚಿಗೆ ಮೆಕ್ಯಾನಿಕಲ್ ಬೀಗವನ್ನೂ ಕೊಟ್ಟರು. 2023ರಲ್ಲಿ ಬಂದ ಜಿಮ್ನಿಯಲ್ಲಿ ಇರಚಿಯ ಬೀಗವಿಲ್ಲ, ಅಲ್ಲಿ ಬ್ರೇಕಿನದ್ದೇ ಕಾರುಬಾರು. ಕೊಡಚಾದ್ರಿ, ಮಾಂದಲಪಟ್ಟಿ ಹತ್ತುವ ಹಳೆಯ ಜೀಪುಗಳಲ್ಲಿ ಇದ್ಯಾವುದೂ ಇಲ್ಲ, ಅಲ್ಲಿ ಎಲ್ಲವೂ ಡ್ರೈವರಣ್ಣನ ಕೈಕಾಲಿನಲ್ಲೇ.

ಈಗ ಪೆಟ್ಟಿಗೆಗೆ ಕಾಯಿಲೆ ಬಂದಾಗ. ಮೊದಲ ಸೂತ್ರ ಸುಲಭ: ದೀಪ ಮಿಣುಕಿದರೆ ಕೆಲಸ ನಡೆದಿದೆ, ಹೊತ್ತಿಕೊಂಡೇ ಇದ್ದರೆ ಏನೋ ಕೆಟ್ಟಿದೆ (ನೀವೇ ಸ್ವಿಚ್ ಒತ್ತಿ ಆಫ್ ಮಾಡಿರದಿದ್ದರೆ!). ಎರಡನೆಯದು, ಎಬಿಎಸ್ಸೂ ಟ್ರ್ಯಾಕ್ಷನ್ ಕಂಟ್ರೋಲೂ ಒಂದೇ ಮನೆಯ ಮಕ್ಕಳು. ಸೆನ್ಸರ್, ಪಂಪು, ವಾಲ್ವು ಎಲ್ಲ ಒಂದೇ. ಹಾಗಾಗಿ ಎರಡು ಮೂರು ದೀಪ ಒಟ್ಟಿಗೆ ಹೊತ್ತಿದರೆ ಮೂರು ಕಾಯಿಲೆ ಅಂತ ಹೆದರಬೇಡಿ, ಸಾಮಾನ್ಯವಾಗಿ ಒಂದೇ ಇರುತ್ತೆ. ಎರಡನೇ ಡಿಸ್ಕವರಿಯಲ್ಲಿ ಎಬಿಎಸ್, ಟ್ರ್ಯಾಕ್ಷನ್, ಹಿಲ್ ಡಿಸೆಂಟ್ ಮೂರೂ ದೀಪ ಜೊತೆಯಾಗಿ ಹೊತ್ತೋದು ಎಷ್ಟು ಮಾಮೂಲಾಯ್ತೆಂದರೆ ಮಾಲೀಕರು ಅದಕ್ಕೆ 'ಮೂವರು ಗೆಳೆಯರು' ಅಂತಲೇ ಹೆಸರಿಟ್ಟರು. ಕಾರಣ ಹೆಚ್ಚಾಗಿ ಎರಡೇ: ಹಬ್ಬಿನಲ್ಲಿರುವ ವೇಗದ ಸೆನ್ಸರು ಅಥವಾ ಅದರ ವೈರು, ಇಲ್ಲವೇ ಬ್ರೇಕ್ ಮಾಡ್ಯುಲೇಟರಿನ ಶಟಲ್ ವಾಲ್ವ್ ಸ್ವಿಚ್ಚು.

ಅದಕ್ಕೇ ಹುಡುಕಾಟ ಚಕ್ರದಿಂದ ಶುರುವಾಗಲಿ, ಪೆಟ್ಟಿಗೆಯಿಂದಲ್ಲ. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಸಾಲದು, ಎಬಿಎಸ್ ಕೋಡ್ ಓದುವುದು ಬೇಕು. ಕೋಡು 'ಹಿಂದಿನ ಎಡ ಸೆನ್ಸರ್' ಅಂದ ತಕ್ಷಣ ಹೊಸ ಸೆನ್ಸರ್ ತರಲಿಕ್ಕೆ ಓಡಬೇಡಿ. ಕೋಡು ಹೇಳೋದು ಆ ಮೂಲೆಯಿಂದ ಸುದ್ದಿ ಸರಿಯಾಗಿ ಬರುತ್ತಿಲ್ಲ ಅಂತ ಮಾತ್ರ. ಹಲ್ಲಿನ ಬಳೆಯ ಸಂದಿಯಲ್ಲಿ ಕೆಸರು, ಕಬ್ಬಿಣದ ಪುಡಿ ಕೂತಿರಬಹುದು. ಬಳೆ ತುಕ್ಕು ಹಿಡಿದು ಬಿರುಕು ಬಿಟ್ಟಿರಬಹುದು. ಕಲ್ಲು ತಾಗಿ ವೈರು ಸೀಳಿರಬಹುದು, ಕನೆಕ್ಟರಿನಲ್ಲಿ ನೀರು ಹೊಕ್ಕಿರಬಹುದು. ಹಳೆಯ ರೇಂಜ್ ರೋವರುಗಳಲ್ಲಂತೂ ಸೆನ್ಸರು ಬುಷ್ಷಿನೊಳಗೆ ಬಿಗಿಯಾಗಿ ಕೂತಿರುತ್ತೆ, ಬೇರಿಂಗ್ ಆಡಲು ಶುರುವಾದರೆ ಹಿಂದಕ್ಕೆ ತಳ್ಳಿಸಿಕೊಂಡು ಬಳೆಯಿಂದ ದೂರವಾಗುತ್ತೆ. ಮೆಲ್ಲಗೆ ತಟ್ಟಿ ಒಳಗೆ ಕೂರಿಸಿದರೆ ದೀಪ ಆರುತ್ತೆ. ಆದರೆ ಬೇರಿಂಗ್ ನೋಡದೆ ಬಿಟ್ಟರೆ ಮತ್ತೆ ಅದೇ ರಾಗ.

ಸೆನ್ಸರಿನ ಜಾತಿಯೂ ಮುಖ್ಯ. ಹಳೆಯದು ಅಯಸ್ಕಾಂತ ಮತ್ತು ತಂತಿಸುರುಳಿಯದು. ಜಾಕ್ ಕೊಟ್ಟು ಭದ್ರವಾಗಿ ನಿಲ್ಲಿಸಿ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಮೀಟರಿನಲ್ಲಿ ಸಣ್ಣ ಎಸಿ ವೋಲ್ಟೇಜ್ ಕಾಣಬೇಕು. ಸುರುಳಿಯ ರೆಸಿಸ್ಟೆನ್ಸನ್ನು ಕೈಪಿಡಿಯ ಜೊತೆ, ಬೇರೆ ಚಕ್ರದ ಸೆನ್ಸರಿನ ಜೊತೆ ಹೋಲಿಸಿ ನೋಡಿ. ಈ ಜಾತಿಯದಕ್ಕೆ ತೀರಾ ನಿಧಾನದ ವೇಗ ಕಾಣೋದೇ ಇಲ್ಲ, ಹಾಗಾಗಿ ತೆವಳುವ ವೇಗದಲ್ಲಿ ಅದು ಮಂಕಾಗೋದು ಕಾಯಿಲೆಯಲ್ಲ, ಹುಟ್ಟುಗುಣ. ಈಚಿನ ಗಾಡಿಗಳದ್ದು ಕರೆಂಟ್ ಕೊಟ್ಟು ನಡೆಸುವ ಸೆನ್ಸರು. ಅದಕ್ಕೆ ಓಮ್ ಮೀಟರ್ ಹಚ್ಚಬೇಡಿ, ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರದ ವೇಗ ಒಟ್ಟಿಗೆ ನೋಡಿ. ಮೂರು 10 ಅಂದು ಒಂದು ಮಾತ್ರ 0ಗೂ 10ಕ್ಕೂ ನೆಗೆಯುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೇ.

ಸೆನ್ಸರ್ ಎಲ್ಲ ಸರಿಯಿದ್ದೂ ಕಾರಣವಿಲ್ಲದೆ ಬ್ರೇಕ್ ಹಿಡಿಯುತ್ತಿದ್ದರೆ ಟೈರು ನೋಡಿ. ಒಂದು ಸವೆದ ಟೈರು ಅಥವಾ ಅಳತೆಯಲ್ಲಿ ಚಿಕ್ಕದಾದ ಸ್ಟೆಪ್ನಿ ಹಾಕಿದರೆ ಆ ಚಕ್ರ ಹೆಚ್ಚು ಸುತ್ತು ಹಾಕುತ್ತೆ, ಜಾರುತ್ತಿದೆ ಅಂತ ಪೆಟ್ಟಿಗೆ ಮೋಸ ಹೋಗಬಹುದು. ಬ್ಯಾಟರಿ ಸೋತಿದ್ದರೂ, ಬ್ರೇಕ್ ಲೈಟ್ ಸ್ವಿಚ್ ಕೆಟ್ಟಿದ್ದರೂ ದೀಪ ಹೊತ್ತುತ್ತೆ. ಇವನ್ನು ನೋಡೋದು ಸುಲಭದ ಕೆಲಸ. ಇಷ್ಟನ್ನೂ ನೋಡದೆ ಮಾಡ್ಯುಲೇಟರನ್ನೇ ಬದಲಾಯಿಸಿ ಅಂತ ಯಾರಾದರೂ ಹೇಳಿದರೆ, ಸ್ವಲ್ಪ ತಾಳಿ ಅನ್ನಿ.

ಕೆಲವೊಮ್ಮೆ ಕೆಟ್ಟಿರೋದು ಗಾಡಿಯಲ್ಲ, ನಮ್ಮ ಅಭ್ಯಾಸ. ಚಕ್ರ ಸುತ್ತತೊಡಗಿ ಬ್ರೇಕ್ ಪಂಪು ಬರ್‍ರ್ ಅಂತ ಸದ್ದು ಮಾಡಿದ ಕೂಡಲೇ ಹೆದರಿ ಆಕ್ಸಿಲರೇಟರ್ ಬಿಟ್ಟುಬಿಡುತ್ತೇವೆ. ಆಗ ಪೆಟ್ಟಿಗೆಯೂ ಬ್ರೇಕ್ ಬಿಡುತ್ತೆ. ಹದವಾಗಿ ಒತ್ತಿಕೊಂಡೇ ಒಂದೆರಡು ಕ್ಷಣ ಕಾಯಬೇಕು. ಮರಳಿನಲ್ಲಿ ಮಾತು ಬೇರೆ. ಅಲ್ಲಿ ಪೆಟ್ಟಿಗೆ ಎಂಜಿನ್ ಶಕ್ತಿಯನ್ನೂ ಕಡಿದರೆ ಗಾಡಿ ಹೂತೇಹೋಗುತ್ತೆ, ಸ್ವಿಚ್ ಆಫ್ ಮಾಡೋದೇ ಮೇಲು. ಹಲವು ಗಾಡಿಗಳಲ್ಲಿ ಆ ಸ್ವಿಚ್ಚು ಎಂಜಿನ್ ಕಡಿತವನ್ನು ಮಾತ್ರ ನಿಲ್ಲಿಸಿ ಬ್ರೇಕಿನ ಸಹಾಯವನ್ನು ಉಳಿಸಿಕೊಳ್ಳುತ್ತೆ, ನಿಮ್ಮ ಗಾಡಿಯದು ಹೇಗೆ ಅಂತ ಕೈಪಿಡಿಯಲ್ಲಿ ಮೊದಲೇ ಓದಿಕೊಂಡಿರಿ.

ವಿದ್ಯೆ ಕಾಲಿನಿಂದ ಪೆಟ್ಟಿಗೆಗೆ ಹೋದದ್ದರಿಂದ ಲಾಭವೇ ಹೆಚ್ಚು, ಎರಡು ಮಾತಿಲ್ಲ. ಒಂದು ಕಾಲು ಎರಡು ಚಕ್ರ ನೋಡಿಕೊಂಡರೆ ಪೆಟ್ಟಿಗೆ ನಾಲ್ಕನ್ನೂ ನೋಡುತ್ತೆ. ಆದರೆ ಅದು ಏನು ಮಾಡುತ್ತಿದೆ ಅನ್ನೋದು ನಮ್ಮ ತಲೆಯಿಂದಲೂ ಹೊರಟುಹೋದರೆ, ಘಾಟಿಯ ಮಧ್ಯೆ ದೀಪ ಹೊತ್ತಿದ ದಿನ ಓಡಿಸೋದೂ ತಿಳಿಯಲ್ಲ, ಗ್ಯಾರೇಜಿನವರು ಹೇಳಿದ್ದು ಸರಿಯೋ ತಪ್ಪೋ ಅನ್ನೋದೂ ತಿಳಿಯಲ್ಲ. ಗದ್ದೆಯಲ್ಲಿ ಆ ಎರಡು ಪೆಡಲುಗಳ ಮೇಲೆ ಕಾಲಾಡಿಸಿ ಬಲ್ಲವರು ನಿಮ್ಮ ಮನೆಯಲ್ಲೋ ಊರಲ್ಲೋ ಇದ್ದರೆ ಒಮ್ಮೆ ಕೇಳಿ ನೋಡಿ. ಅವರು ಹೇಳಿದ್ದನ್ನು ಇಲ್ಲೂ ಬರೆಯಿರಿ, ಓದಲಿಕ್ಕೆ ನನಗೆ ಖುಷಿ.